ಸದ್ದು ಮಾಡದ ಟಯರು

ಹೊಸ ಟಯರಿನ ವಾಸನೆ ನನಗೆ ಹಿಡಿಸುವುದಿಲ್ಲ. ಮೊನ್ನೆ ಮುಳ್ಳೇರಿಯದ ಟಯರಂಗಡಿಗೆ ಕಾಲಿಟ್ಟ ಕೂಡಲೇ ಅದು ಮೂಗಿಗೆ ಬಡಿಯಿತು. ಅಂಗಡಿಯ ಹಮೀದ್ ನನ್ನ ಜೀಪಿಗೆ ಒಂದು ಸುತ್ತು ಬಂದು, ನಾಲ್ಕೂ ಚಕ್ರ ನೋಡಿ, ಇವು ಇನ್ನೊಂದು ಮಳೆಗಾಲ ಕಾಣುವುದಿಲ್ಲ ಎಂದ. ಆಮೇಲೆ ಜೀಪಿನವರಿಗೆಲ್ಲ ಕೇಳುವುದನ್ನೇ ನನಗೂ ಕೇಳಿದ. ರೋಡಿಗಾ, ಗುಡ್ಡೆಗಾ?

ಎರಡಕ್ಕೂ ಎಂದೆ.

"ಎರಡಕ್ಕೂ ಒಳ್ಳೇದಾಗುವ ಟಯರ್ ಇಲ್ಲ ಮಾಷ್ಟ್ರೇ. ಎರಡಕ್ಕೂ ಸಾಕಾಗುವುದು ಉಂಟು."

ಅವನು ಉರುಳಿಸಿ ತಂದ ಮೊದಲನೆಯ ಟಯರಿನ ಮೇಲೆ ನಾನು ಅಂಗೈ ಅಗಲಿಸಿ ಒತ್ತಿ ಹಿಡಿದೆ. ಇದೆಂತ, ಜ್ವರ ನೋಡುವುದಾ ಎಂದು ಹಮೀದ್ ನಕ್ಕ. ನಾನು ನಗಲಿಲ್ಲ. ಈ ಅಂಗೈ ಒತ್ತುವ ಕ್ರಮ ನನ್ನದಲ್ಲ, ಐತಪ್ಪಣ್ಣನದು. ಐತಪ್ಪಣ್ಣ ಈಗ ಇಲ್ಲ.

ನಾನು ಶಾಲೆಯಲ್ಲಿ ಚಿತ್ರ ಬರೆಯಲು ಕಲಿಸುತ್ತಿದ್ದವನು. ನಿವೃತ್ತನಾದ ಮೇಲೆ ಒಂದು ಹಳೆಯ ಜೀಪು ಕೊಂಡೆ. ಯಾಕೆ ಎಂದು ನೀವು ಕೇಳಬಾರದು, ನನ್ನ ಹೆಂಡತಿ ಸಾಕಷ್ಟು ಕೇಳಿದ್ದಾಳೆ. ಅದಕ್ಕೆ ಹಲ್ಲಿನ ಹಾಗೆ ಎದ್ದ ದೊಡ್ಡ ದೊಡ್ಡ ಗುಬ್ಬಗಳಿರುವ ಕೆಸರಿನ ಟಯರು ಹಾಕಿಸಿದೆ. ಅಗತ್ಯ ಇತ್ತೆಂದಲ್ಲ, ಕಾಣಲಿಕ್ಕೆ ಗತ್ತಿನದು ಎಂದು. ಬಾಯಿಯ ಹಲ್ಲು ಅಲುಗಾಡತೊಡಗುವ ಪ್ರಾಯದಲ್ಲಿ ಟಯರಿನ ಹಲ್ಲು ಒಂದು ಧೈರ್ಯ ಕೊಡುತ್ತದೆ. ಆಮೇಲೆ ಆ ಹಲ್ಲಿಗೆ ಕೆಲಸವೂ ಸಿಕ್ಕಿತು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಹುಣ್ಣು ತೊಳೆದು, ಮೂತ್ರದ ಟ್ಯೂಬು ಬದಲಿಸಿ ಬರುವ ಪಾಲಿಯೇಟಿವ್ ತಂಡ ನಮ್ಮ ಊರಿನಲ್ಲಿಯೂ ಉಂಟು. ಅವರ ವ್ಯಾನು ಹತ್ತದ ಗುಡ್ಡೆಗಳಿಗೆ ಬುಧವಾರ ಬುಧವಾರ ಸಿಸ್ಟರ್ ಜೆಸಿಂತರನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಸಿಸ್ಟರ್ ಅಂದರೆ ನರ್ಸು. ಮನೆಯಲ್ಲಿ ಕೊಂಕಣಿ, ರೋಗಿಯ ಹತ್ತಿರ ರೋಗಿಯ ಭಾಷೆ. ಅವರದ್ದು ಒಂದೇ ಕಟ್ಟಪ್ಪಣೆ, ರೋಗಿಯ ಮನೆಯ ಹತ್ತಿರ ಹಾರ್ನ್ ಹಾಕಬಾರದು.

ಬುಧವಾರದ ಕೊನೆಯ ಮನೆ ಐತಪ್ಪಣ್ಣನದು. ಮೂವತ್ತು ವರ್ಷ ಬಾಡಿಗೆ ಜೀಪು ಓಡಿಸಿದವರು, ಒಮ್ಮೆಯೂ ಮಗುಚಿ ಹಾಕದವರು, ಮನೆಯ ಹಿಂದಿನ ಹಲಸಿನ ಮರದಿಂದ ಬಿದ್ದು ಸೊಂಟದ ಕೆಳಗೆ ಬಲ ಕಳೆದುಕೊಂಡಿದ್ದರು. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದಲ್ಲಿಂದಲೇ ನನ್ನ ಜೀಪಿನ ತಪಾಸಣೆ ನಡೆಯುತ್ತಿತ್ತು. "ಎಡದ ಹಿಂದಿನದ್ದಕ್ಕೆ ಗಾಳಿ ಕಮ್ಮಿ ಉಂಟು, ನೋಡಿ" ಎನ್ನುತ್ತಿದ್ದರು. ನೋಡಿದರೆ ಕಮ್ಮಿ ಇರುತ್ತಿತ್ತು. ಕೆಸರಿನ ಟಯರು ಡಾಂಬರಿನ ಮೇಲೆ ಹೆಜ್ಜೇನಿನ ಹಾಗೆ ಮೊರೆಯುತ್ತದೆ. ಗದ್ದೆಯ ಆಚೆಯ ಡಾಂಬರು ರಸ್ತೆಯಲ್ಲಿ ನಾವು ಬರುವಾಗಲೇ ಆ ಮೊರೆತ ಗುಡ್ಡೆಯ ಮೇಲಿನ ಅವರ ಕಿವಿಗೆ ಮುಟ್ಟುತ್ತಿತ್ತು. ಅಲ್ಲಿಂದ ಗದ್ದೆಗೆ ಸುತ್ತು ಹಾಕಿ, ಮಣ್ಣಿನ ದಾರಿ ಹತ್ತಿ ಅಂಗಳ ಸೇರಲಿಕ್ಕೆ ಹತ್ತು ನಿಮಿಷ.

ಆ ಹತ್ತು ನಿಮಿಷದಲ್ಲಿ ಏನಾಗುತ್ತಿತ್ತು ಎಂಬುದು ನನಗೆ ಬಹಳ ಕಾಲ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೆ: ನಾವು ಒಳಗೆ ಹೋಗುವಾಗ ಐತಪ್ಪಣ್ಣ ಯಾವಾಗಲೂ ಬಿಳಿ ಅಂಗಿ ತೊಟ್ಟು, ಕುತ್ತಿಗೆಯವರೆಗೆ ಗುಂಡಿ ಹಾಕಿ, ತಲೆ ಬಾಚಿಕೊಂಡು, ದಿಂಬಿಗೆ ಒರಗಿ ಕೂತಿರುತ್ತಿದ್ದರು. ಆಮೇಲೆ ಸಿಸ್ಟರೇ ಆ ಅಂಗಿ ಬಿಚ್ಚಿಸಿ, ಮಲಗಿ ಮಲಗಿ ಹುಣ್ಣಾಗಿದೆಯೇ ಎಂದು ಬೆನ್ನು ನೋಡುವವರು. ಬಿಚ್ಚಲಿಕ್ಕೆಂದೇ ಅಂಗಿ ಯಾಕೆ ಹಾಕುವುದು ಎಂದು ಅವರು ಒಮ್ಮೆ ಕೇಳಿದ್ದಕ್ಕೆ, ಬಂದವರ ಎದುರಿಗೆ ಬಿಚ್ಚುವುದು ಬೇರೆ, ಬಿಚ್ಚಿಕೊಂಡೇ ಇರುವುದು ಬೇರೆ ಎಂದರಂತೆ. 'ಅಂತೆ' ಯಾಕೆಂದರೆ ಅದು ನನ್ನ ಕಿವಿಗೆ ಬಿದ್ದದ್ದಲ್ಲ. ಹಾಗೆ ಬೀಳದ ಮಾತು ಇನ್ನೂ ಉಂಟು. ಅಲ್ಲಿಗೆ ಬರುತ್ತೇನೆ.

ಮಳೆ ಹಿಡಿದ ಹೊಸತರಲ್ಲಿ ಒಂದು ಬುಧವಾರ, ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದೆ. ಜೀಪು ನಿಲ್ಲಲಿಲ್ಲ, ಅಡ್ಡಕ್ಕೆ ಜಾರಿ ಮೋರಿಯ ಕಟ್ಟೆಯಿಂದ ಒಂದು ಗೇಣು ಈಚೆ ನಿಂತಿತು. ಸಿಸ್ಟರ್ ಔಷಧದ ಪೆಟ್ಟಿಗೆಯನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದರು. "ನನಗೆ ಇನ್ನೂ ಮೂರು ಮನೆ ಉಂಟು ಮಾಷ್ಟ್ರೇ" ಎಂದರು. ಅಷ್ಟೇ.

ಇದನ್ನು ಐತಪ್ಪಣ್ಣನಿಗೆ ತಮಾಷೆ ಮಾಡಿಕೊಂಡು ಹೇಳಿದೆ. ಅವರು ನಗಲಿಲ್ಲ. ಹೊರಗೆ ನಿಂತ ಜೀಪನ್ನು ಕಿಟಕಿಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಅಂಗೈಯನ್ನು ಮಂಚದ ಹಲಗೆಯ ಮೇಲೆ ಅಗಲಿಸಿಟ್ಟು ಪಾಠ ಮಾಡಿದರು. ಕೆಸರಿನ ಟಯರಿನಲ್ಲಿ ಗುಬ್ಬಗಳ ನಡುವೆ ಜಾಗ ಜಾಸ್ತಿ, ಕೆಸರನ್ನು ಕಚ್ಚಿ ಹೊರಗೆ ಬಿಸಾಡುತ್ತದೆ. ಆದರೆ ಒದ್ದೆ ಡಾಂಬರಿಗೆ ತಾಗುವ ರಬ್ಬರು ಎಷ್ಟು? ಕೈ ಒತ್ತಿ ನೋಡಿದರೆ ಗೊತ್ತಾಗುತ್ತದೆ, ಅರ್ಧ ಅಂಗೈಗೆ ಬರೀ ಗಾಳಿ. ನಡುವೆ ಎಡೆಬಿಡದೆ ರಬ್ಬರು ಇದ್ದು, ಅದರಲ್ಲಿ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸಣ್ಣ ಸೀಳು ಇರುವಂಥದ್ದು ನೀರನ್ನು ಹಿಂಡಿ ರಸ್ತೆಯನ್ನು ಹಿಡಿಯುತ್ತದೆ. ಅಂಚಿನಲ್ಲಿ ಮಾತ್ರ ಬಿಡಿಬಿಡಿ ಗುಬ್ಬ ಇರಲಿ, ಮಣ್ಣಿನ ಚಡಾವು ಹತ್ತಲಿಕ್ಕೆ ಅಷ್ಟು ಸಾಕು.

"ನಡುವೆ ಅಂಗೈ ತುಂಬಬೇಕು. ಅಂಚಿನಲ್ಲಿ ಬೆರಳು ಇಳಿಯಬೇಕು. ಅಂಥದ್ದು ನೋಡಿ ಹಾಕಿ."

ಗತ್ತು ಹೋಗುತ್ತದಲ್ಲ ಎಂದೆ. ನೀವು ದಿನಕ್ಕೆ ನಲುವತ್ತು ಕಿಲೋಮೀಟರು ಡಾಂಬರಿನಲ್ಲಿ ಹೋಗುವವರು, ಎರಡು ಕಿಲೋಮೀಟರಿನ ಗುಡ್ಡೆಗಾಗಿ ಸಿಸ್ಟರನ್ನು ಕೊಲ್ತೀರಾ ಮಾರಾಯರೇ, ಎಂದರು.

ಹಾಕಿಸಿದೆ. ಮುಂದಿನ ಬುಧವಾರ ಜೀಪು ಒದ್ದೆ ರಸ್ತೆಯಲ್ಲಿ ಮೊರೆತವಿಲ್ಲದೆ ಎಷ್ಟು ಮೆತ್ತಗೆ ಹೋಯಿತೆಂದರೆ ಸಿಸ್ಟರ್ ಅರ್ಧ ದಾರಿ ನಿದ್ದೆ ಮಾಡಿದರು. ಕೊನೆಯ ಏರಿನಲ್ಲಿ ಎಂಜಿನ್ ಗುರುಗುಟ್ಟಿತು, ಒಂದು ನಿಮಿಷ ಇರಬಹುದು, ಅಷ್ಟರಲ್ಲಿ ಅಂಗಳ ಸೇರಿದ್ದೆವು. ನಾನು ಹುರುಪಿನಲ್ಲಿ ಸಿಸ್ಟರಿಗಿಂತ ಮೊದಲೇ ಇಳಿದು, ಟಯರಿನ ಸುದ್ದಿ ಹೇಳಲಿಕ್ಕೆಂದು ಸೀದಾ ಒಳಗೆ ಹೋದೆ. ಐತಪ್ಪಣ್ಣ ಬರಿಮೈಯಲ್ಲಿ ಒಂದು ಮಗ್ಗುಲಾಗಿ ಮಲಗಿದ್ದರು. ಮೈಮೇಲೆ ಏನೂ ಇರಲಿಲ್ಲ. ಅವರ ಹೆಂಡತಿ ಗಿರಿಜಕ್ಕ ಒದ್ದೆ ಬಟ್ಟೆ ಹಿಡಿದುಕೊಂಡು, ಅವರ ಅಡಿಯಿಂದ ಹಾಸು ಎಳೆಯುತ್ತಿದ್ದರು. ಇಬ್ಬರೂ ನನ್ನನ್ನು ನೋಡಿದರು. ನಾನು ಹಿಂದೆ ಸರಿದೆ.

ಇಲ್ಲಿಯವರೆಗಿನದಕ್ಕೆ ನಾನು ಹೊಣೆ. ಇನ್ನು ಮುಂದಿನದರಲ್ಲಿ ನನಗೇ ನಂಬಿಕೆ ಕಡಿಮೆ.

ಐತಪ್ಪಣ್ಣ ಹೇಳಿದ ಒಂದು ಮಾತು ನನ್ನ ಕಿವಿಯಲ್ಲಿ ಸ್ಪಷ್ಟವಾಗಿ ಉಂಟು: "ಇನ್ನು ನೀವು ಕಳ್ಳನ ಹಾಗೆ ಬರ್ತೀರಿ ಮಾಷ್ಟ್ರೇ." ಆದರೆ ಯಾವಾಗ ಹೇಳಿದ್ದು? ಒಮ್ಮೆ ನೆನೆದರೆ ಟಯರಿನ ಪಾಠ ಮುಗಿಸಿ, ಹಲಗೆಯಿಂದ ಅಂಗೈ ಎತ್ತುತ್ತಾ ಹೇಳಿದ ಹಾಗೆ ಕಾಣುತ್ತದೆ. ಇನ್ನೊಮ್ಮೆ ನೆನೆದರೆ ಬರಿಮೈಯನ್ನು ನಾನು ಕಂಡ ಆ ದಿನ, ಅಂಗಿ ತೊಟ್ಟಾದ ಮೇಲೆ, ಗೋಡೆಯ ಕಡೆ ನೋಡಿಕೊಂಡು ಹೇಳಿದ ಹಾಗೆ. ಎರಡು ಚಿತ್ರದಲ್ಲಿಯೂ ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುತ್ತದೆ. ಮೊದಲು ಹೇಳಿದ್ದಾದರೆ, ಅಂಗಿ ತೊಡುವ ಆ ಹತ್ತು ನಿಮಿಷವನ್ನು ಅವರು ತಿಳಿದೇ ಬಿಟ್ಟುಕೊಟ್ಟರು. ಆಮೇಲೆ ಹೇಳಿದ್ದಾದರೆ, ನಾನು ಕಿತ್ತುಕೊಂಡೆ. ಮಾತು ಅದೇ, ಆದರೆ ಅದು ಯಾವ ಬುಧವಾರದ್ದು ಎಂಬುದರ ಮೇಲೆ ನಾನು ಯಾರು ಎಂಬುದು ನಿಂತಿದೆ.

ಮುಂದಿನ ವಾರ ಗದ್ದೆಯ ಆಚೆಯಿಂದಲೇ ಒಮ್ಮೆ ಹಾರ್ನ್ ಹಾಕಿದೆ. ಅದು ನನ್ನದೆಂದು ಗೊತ್ತಾಯಿತೋ, ಬಸ್ಸಿನದು ಅಂದುಕೊಂಡರೋ, ತಿಳಿಯದು. ಅದರ ಅಗತ್ಯವೂ ಇರಲಿಲ್ಲ. ಐತಪ್ಪಣ್ಣ ಅಂಗಿ ತೊಟ್ಟುಕೊಂಡೇ ಇದ್ದರು. ಅದರ ಮುಂದಿನ ವಾರವೂ ತೊಟ್ಟಿದ್ದರು. ಎಲ್ಲ ಮೊದಲಿನ ಹಾಗಾಯಿತು ಎಂದು ನಾನು ಸಮಾಧಾನಪಟ್ಟೆ. ನಾಲ್ಕನೆಯ ವಾರ ಸಿಸ್ಟರ್ ಅಂಗಿ ಬಿಚ್ಚಿ ಬೆನ್ನು ನೋಡಿದರು. ಭುಜದ ಕೆಳಗೆ ಅಂಗಿಯ ಹೊಲಿಗೆ ಒತ್ತಿ ಕೆಂಪು ಗೆರೆ ಎದ್ದಿತ್ತು, ಒಂದು ಕಡೆ ಚರ್ಮ ಒಡೆದಿತ್ತು. ಕೇಳಿದಾಗ ಗಿರಿಜಕ್ಕ ಹೇಳಿದರು. ಈಗ ನೀವು ಬರುವುದು ಗೊತ್ತಾಗುವುದಿಲ್ಲವಲ್ಲ, ಹಾಗೆ ಬುಧವಾರ ಬೆಳಿಗ್ಗೆ ಆರು ಗಂಟೆಗೇ ಅಂಗಿ ಹಾಕಿಸಿಕೊಳ್ಳುತ್ತಾರೆ. ಮಗ್ಗುಲು ಬದಲಿಸಿದರೆ ಮುದ್ದೆಯಾಗುತ್ತದೆ ಎಂದು ಬದಲಿಸಲಿಕ್ಕೂ ಬಿಡುವುದಿಲ್ಲ. ನಾವು ಅಲ್ಲಿಗೆ ಮುಟ್ಟುತ್ತಿದ್ದದ್ದು ಮಧ್ಯಾಹ್ನ ಕಳೆದು.

ಸಿಸ್ಟರ್ ಅಂಗಿ ಹಾಕುವುದನ್ನೇ ನಿಲ್ಲಿಸಿದರು. ಕೊನೆಯ ಎರಡು ತಿಂಗಳು ಐತಪ್ಪಣ್ಣ ಕುತ್ತಿಗೆಯವರೆಗೆ ಹೊದಿಕೆ ಎಳೆದುಕೊಂಡು ನಮ್ಮ ಹತ್ತಿರ ಮಾತಾಡಿದರು, ಟಯರಿನ ಬಗ್ಗೆ ಮಾತ್ರ ಮಾತಾಡಲಿಲ್ಲ. ಮಳೆ ಮುಗಿಯುವ ಮೊದಲು ಮೂತ್ರದ ಸೋಂಕು ಏರಿ ತೀರಿಕೊಂಡರು. ಬೆನ್ನಿನ ಹುಣ್ಣಿಗೂ ಅದಕ್ಕೂ ಸಂಬಂಧ ಇಲ್ಲ ಎಂದು ಸಿಸ್ಟರ್ ಹೇಳಿದರು. ಎರಡು ಸಲ ಹೇಳಿದರು.

ಬೆನ್ನು ಹುಣ್ಣಾಗದಿರಲೆಂದು ತಂಡ ಕೊಟ್ಟಿದ್ದ ನೀರಿನ ಹಾಸಿಗೆಯನ್ನು ವಾಪಸು ತರಲಿಕ್ಕೆ ಹೋದಾಗ ಗಿರಿಜಕ್ಕನ ಹತ್ತಿರ ಕೇಳಿಯೇ ಬಿಟ್ಟೆ, ಕಳ್ಳನ ಹಾಗೆ ಎಂದು ನನಗೆ ಹೇಳಿದ್ದು ಯಾವತ್ತು ಎಂದು. ಅವರು ಚಹಾದ ಗ್ಲಾಸು ನನ್ನ ಎದುರಿಗಿಟ್ಟರು.

"ನಿಮಗೆ ಹೇಳಿದ್ದಲ್ಲ ಅದು, ನನಗೆ. ಟಯರ್ ಹಾಕಿ ಅಂತ ಹೇಳಿದ ದಿನ, ನೀವು ಹೋದ ಮೇಲೆ. ಇನ್ನು ಇವರು ಕಳ್ಳನ ಹಾಗೆ ಬರ್ತಾರೆ, ಅಂಗಿ ಕೈಗೆ ಸಿಗುವಲ್ಲಿ ಇಡು, ಅಂದರು."

ಹಾಗಾದರೆ ಅವರಿಗೆ ಗೊತ್ತಿತ್ತು. ಹಾಗಾದರೆ ನನ್ನ ಕಿವಿಯಲ್ಲಿ ಇರುವ ದನಿ ಯಾರದ್ದು? ಗಿರಿಜಕ್ಕ ಸುಳ್ಳು ಹೇಳುವವರಲ್ಲ. ಆದರೆ ಮನೆಗೆ ಬಂದವರನ್ನು ನೋಯಿಸಿ ಕಳಿಸುವವರೂ ಅಲ್ಲ. ಚಹಾ ಕುಡಿದು, ಹಾಸಿಗೆ ಮಡಚಿಕೊಂಡು ಬಂದೆ. ನನಗೆ ಬೇಕಾದ ಉತ್ತರ ಸಿಕ್ಕಿದ್ದರಿಂದಲೇ ಅದನ್ನು ಇಂದಿಗೂ ಪೂರ್ತಿ ನಂಬಲಾರೆ.

ಹಮೀದ್ ಮೂರು ನಮೂನೆ ತೋರಿಸಿದ. ಒಂದರಲ್ಲಿ ಗುಬ್ಬ ದೊಡ್ಡದಿತ್ತು, ಮೊರೆಯುವಂಥದ್ದು. ಅದರ ಮುಂದೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಆಮೇಲೆ ನಡುವೆ ಅಂಗೈ ತುಂಬುವ, ಅಂಚಿನಲ್ಲಿ ಬೆರಳು ಇಳಿಯುವ ನಾಲ್ಕನ್ನು ಹಾಕಿಸಿದೆ. ಒಳ್ಳೇದು ಮಾಷ್ಟ್ರೇ, ಒಳಗೆ ಕೂತವರಿಗೆ ಶಬ್ದವೇ ಕೇಳುವುದಿಲ್ಲ ಎಂದ. ಹೌದು, ಅದೊಂದು ಉಂಟು ಎಂದೆ.

ನಿನ್ನೆ ಬುಧವಾರ. ಈಗ ಕೊನೆಯ ಮನೆ ಬೇರೆ, ಗುಡ್ಡೆ ಬೇರೆ, ರೋಗಿ ಬೀಡಿ ಕಟ್ಟುತ್ತಿದ್ದ ಒಬ್ಬ ಹೆಂಗಸು. ಏರಿನ ಬುಡದಲ್ಲಿ ಜೀಪು ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಸಿಸ್ಟರಿಗೆ ಇದು ಅಭ್ಯಾಸವಾಗಿದೆ. ಪೆಟ್ಟಿಗೆ ಮಡಿಲಿನಲ್ಲಿಟ್ಟುಕೊಂಡು ಸುಮ್ಮನೆ ಕೂತರು. ನಾನೊಬ್ಬನೇ ನಡೆದು ಹತ್ತಿದೆ. ಅಂಗಳದ ತುದಿಯಲ್ಲಿ ನಿಂತು, ಹಿಂದಿನ ಹಿರಿಯರು ಮಾಡುತ್ತಿದ್ದ ಹಾಗೆ, ಒಮ್ಮೆ ಜೋರಾಗಿ ಕೆಮ್ಮಿದೆ. ಒಳಗೆ ಪೆಟ್ಟಿಗೆಯ ಮುಚ್ಚಳ ತೆರೆದ ಸದ್ದು, ಬಟ್ಟೆ ಕೊಡವಿದ ಸದ್ದು, ಯಾರೋ ಯಾರನ್ನೋ ಗದರಿದ ಸದ್ದು. ನಾನು ಬಾಗಿಲಿಗೆ ಬೆನ್ನು ಹಾಕಿ ಗದ್ದೆಯನ್ನು ನೋಡುತ್ತ ನಿಂತೆ.

ಬಹಳ ಹೊತ್ತಿನ ಮೇಲೆ ಒಳಗಿನಿಂದ, ಹೆಂಗಸಿನ ದನಿಯಲ್ಲಿ, "ಬನ್ನಿ" ಎಂದು ಕೇಳಿತು.