ಸ್ಟಾಫ್‌ರೂಮಿನ ಕಿಟಕಿ ಬಿಟ್ಟು

ಬಿಸಿಲಿಗೆ ಒಣಗಿದ ಗುಟ್ಕಾ ಉಗುಳಿಗೆ ಒಂದು ವಾಸನೆಯಿದೆ. ಸುಣ್ಣ, ತಂಬಾಕು, ಅದರ ಜೊತೆಗೆ ಯಾರದೋ ಬಾಯಿಯ ಹಳಸಲು. ಕಳೆದ ತಿಂಗಳು ಮೊಳಕಾಲ್ಮುರಿನ ಒಂದು ಹೈಸ್ಕೂಲಿನಲ್ಲಿ ಟೇಪು ಹಿಡಿದು ಕಿಟಕಿ ಅಳೆಯುತ್ತ ಹೋದವನಿಗೆ, ಕಟ್ಟಡದ ಹಿಂಬದಿಗೆ ತಿರುಗುತ್ತಲೇ ಅದು ಮೂಗಿಗೆ ಹೊಡೆಯಿತು. ಕರವಸ್ತ್ರ ಹಿಡಿದೆ. ಅಷ್ಟರಲ್ಲಿ ಅಕ್ಕ ನೆನಪಾಗಿದ್ದಳು...

ಚಳ್ಳಕೆರೆಯಲ್ಲಿ ನನ್ನದು ಗಾಜಿನ ಅಂಗಡಿ. ಫೋಟೋಗೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕೂರಿಸುವುದು. ನನಗೆ ಮೊದಲಿಂದಲೂ ಹೇಸಿಗೆ ಜಾಸ್ತಿ. ಹೋಟೆಲಿನ ಲೋಟವನ್ನು ಬೆಳಕಿಗೆ ಹಿಡಿದು ನೋಡದೆ ನೀರು ಕುಡಿದವನಲ್ಲ. ನನ್ನ ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ. ಇರಬಹುದು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಅಂಗಡಿಯ ಹಿಂದಿನ ಓಣಿಯಲ್ಲಿದ್ದವಳು. ಮೊಳಕಾಲ್ಮುರು ಕಡೆಯ ಕುರಿ ಕಾಯುವ ಮನೆತನ. ಮನೆಮಾತು ಅರ್ಧ ತೆಲುಗು, ಬೈಯಲು ನಿಂತರೆ ಪೂರ್ತಿ ತೆಲುಗು. ಗಂಡ ತೀರಿಕೊಂಡ ಮೇಲೆ ಶೇಂಗಾ ಮಿಲ್ಲಿನಲ್ಲಿ ಹೊಟ್ಟಿನ ಧೂಳು ಕುಡಿದು ಕುಡಿದು ಉಬ್ಬಸ ಹಿಡಿಸಿಕೊಂಡಿದ್ದಳು. ಇನ್ನು ಮಿಲ್ಲಿಗೆ ಹೋದರೆ ನಿನ್ನ ಜೀವಕ್ಕೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿದ್ದರು. ಅದು ತೊಂಬತ್ತರ ದಶಕದ ಕೊನೆ. ಗಾಜಿನ ಕಿಟಕಿಯ ಖಾಸಗಿ ಶಾಲೆಗಳು ಒಂದೊಂದಾಗಿ ಏಳುತ್ತಿದ್ದವು. ಸರಕಾರಿ ಶಾಲೆಯಲ್ಲಾದರೆ ಮಕ್ಕಳೇ ಕಿಟಕಿ ಒರೆಸುತ್ತಿದ್ದರು. ಇಲ್ಲಿ ಫೀಸು ಕಟ್ಟಿದ ಅಪ್ಪಂದಿರು ಜಗಳಕ್ಕೆ ಬರುತ್ತಿದ್ದರು. ಹೀಗಾಗಿ ತಪಾಸಣೆಗೋ ಸ್ಕೂಲ್ ಡೇಗೋ ಮುಂಚೆ ತೊಳೆಯುವವರು ಬೇಕಾಗುತ್ತಿತ್ತು. ಒಡೆದ ಗಾಜನ್ನು ನಾನು ಬದಲಿಸುತ್ತಿದ್ದೆ, ಒಡೆಯದ್ದನ್ನು ಅಕ್ಕ ತೊಳೆಯುತ್ತಿದ್ದಳು. ನೀರಿನ ಕೆಲಸ, ಧೂಳು ಏಳುವುದಿಲ್ಲ, ಅವಳ ಎದೆಗೆ ಒಗ್ಗಿತು.

ಬೇರೆಯವರು ಕಿಟಕಿ ಎಣಿಸಿ ರೇಟು ಹೇಳಿದರೆ ಅಕ್ಕ ಕೊಳೆ ನೋಡಿ ಹೇಳುತ್ತಿದ್ದಳು. ಶಾಲೆಯ ಸುತ್ತ ಒಂದು ಸುತ್ತು ಬರುವಳು, ಅಲ್ಲಲ್ಲಿ ಉಗುರಿನಿಂದ ಗಾಜು ಕೆರೆಯುವಳು, ಆ ಉಗುರನ್ನು ಮೂಗಿನ ಹತ್ತಿರ ತಂದು ಮೂಸುವಳು. ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಚಳ್ಳಕೆರೆಯ ಕಿಟಕಿಗಳಿಗೆ ಎಣ್ಣೆಮಿಲ್ಲಿನ ಹೊಗೆ ಜಿಡ್ಡಾಗಿ ಕೂತಿರುತ್ತಿತ್ತು. ಅದಕ್ಕೆ ಬಿಸಿನೀರು, ವಾಷಿಂಗ್ ಸೋಡಾ ಬೇಕು, ರೇಟು ಜಾಸ್ತಿ. ಮೊಳಕಾಲ್ಮುರಿನದು ಬರೀ ಗಾಳಿಯ ಮಣ್ಣು, ಅದಕ್ಕೆ ಅರ್ಧ. ಎಲ್ಲಕ್ಕಿಂತ ದುಬಾರಿ ಉಗುಳಿನ ರೇಟು, ಅದರಲ್ಲಿ ಚೌಕಾಸಿ ಇರಲಿಲ್ಲ. ಅಕ್ಕ ಸಾಧುವೇನಲ್ಲ. ಮಣ್ಣನ್ನೇ ಹೊಗೆ ಎಂದು ಸಾಧಿಸಿ ಜಾಸ್ತಿ ಕಿತ್ತದ್ದನ್ನು ನಾನೇ ನೋಡಿದ್ದೇನೆ. ಆದರೆ ತರಗತಿಯ ಕಿಟಕಿಗೆ ಅವಳು ಎಂದೂ ಉಗುಳಿನ ರೇಟು ಹಾಕಿದವಳಲ್ಲ. ಅಲ್ಲಿ ಶಾಯಿ, ಗೋಂದು, ಮೂಗಿನದು, ಏನೇನೋ ಇರುತ್ತಿತ್ತು, ಎಲ್ಲವನ್ನೂ ಮಣ್ಣಿನ ಲೆಕ್ಕಕ್ಕೇ ಸೇರಿಸುತ್ತಿದ್ದಳು. ಉಗುಳಿನ ರೇಟು ಬೀಳುತ್ತಿದ್ದದ್ದು ಮೇಷ್ಟ್ರುಗಳು ಕೂರುವ ಸ್ಟಾಫ್‌ರೂಮಿಗೆ.

ಮೊಳಕಾಲ್ಮುರಿನ ಆ ಹೈಸ್ಕೂಲು ಸಿಕ್ಕಾಗ ಅಕ್ಕ ಅಂಗಡಿಗೆ ಬಂದು ನನಗೆ ಟೀ ಕುಡಿಸಿದ್ದಳು. ದೊಡ್ಡ ಕಟ್ಟಡ, ವರ್ಷಕ್ಕೆರಡು ಸಲ ಕೆಲಸ. ಅದೇ ಆಡಳಿತ ಮಂಡಳಿಯ ಇನ್ನೊಂದು ಶಾಲೆ ಚಳ್ಳಕೆರೆಯಲ್ಲಿತ್ತು. ಇದು ಕೈಹಿಡಿದರೆ ಅದೂ ಬರುತ್ತದೆ, ಎರಡೂ ಬಂದರೆ ಮಿಲ್ಲಿನ ಕಡೆ ತಲೆ ಹಾಕಿಯೂ ಮಲಗಬೇಕಾಗಿಲ್ಲ ಎಂಬುದು ಅವಳ ಆಸೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶುರು ಮಾಡಿ ಭಾನುವಾರ ಕತ್ತಲಾಗುವ ಮುಂಚೆ ಮುಗಿಸಿದೆವು. ಸ್ಟಾಫ್‌ರೂಮಿನ ಕಿಟಕಿಗಳನ್ನು ಕೊನೆಗೆ ಹಿಡಿದೆವು. ಕಂಬಿಯ ಸಂದಿಯಿಂದ ಉಗುಳಿದ್ದು ಅರ್ಧ ಆಚೆಗೆ ಬಿದ್ದರೆ ಅರ್ಧ ಹೊರಕ್ಕೆ ತೆರೆದ ಕಿಟಕಿ ಬಾಗಿಲಿನ ಗಾಜಿಗೆ. ವರ್ಷಗಟ್ಟಲೆ ಒಂದರ ಮೇಲೊಂದು ಇಳಿದು, ಒಣಗಿ, ದೋಸೆ ಕಾವಲಿಯ ಅಂಚಿನಂತೆ ಹಕ್ಕಳೆಗಟ್ಟಿತ್ತು. ಅಕ್ಕ ಹುಣಸೆಹಣ್ಣು, ಸೋಡಾ ಹಚ್ಚಿ ನೆನೆಸಿ, ಬ್ಲೇಡಿನಿಂದ ಕೆರೆದಳು. ಕೊನೆಗೆ ಒದ್ದೆ ಪೇಪರಿನಿಂದ ಉಜ್ಜಿದಾಗ ಗಾಜು ಇದೆಯೋ ಇಲ್ಲವೋ ಎನ್ನುವ ಹಾಗಾಯಿತು. ರಾತ್ರಿ ಅವಳ ತಮ್ಮನ ಮನೆಯಲ್ಲಿ ಉಳಿದು ಸೋಮವಾರ ಹೆಡ್ಮಾಸ್ಟರಿಗೆ ತೋರಿಸಲು ಹೋದೆವು.

ಪ್ರೇಯರ್ ಆಗಿತ್ತು, ಮೇಷ್ಟ್ರುಗಳ ಟೀಯೂ ಆಗಿತ್ತು. ಹೆಡ್ಮಾಸ್ಟರು ಹಿಂಬದಿಗೆ ಬಂದು ನೋಡಿದರೆ ಸ್ಟಾಫ್‌ರೂಮಿನ ಗಾಜಿನ ಮೇಲೆ ಕೆಂಪಗೆ ಹೊಸದು ಇಳಿಯುತ್ತಿದೆ.

"ಏನಮ್ಮಾ ಇದು, ಹಂಗೇ ಐತಲ್ಲ."

"ಇದು ಈಗಿನ್ದು ಸಾ. ಇನ್ನೂ ಒಣಗಿಲ್ಲ, ನೋಡ್ರಿ."

"ಯಾವಾಗಿಂದು ಅಂತ ನಾನು ಕೇಳ್ಲಿಲ್ಲ. ಕ್ಲೀನಿದ್ರೆ ಬಿಲ್ ಪಾಸ್ ಮಾಡ್ತೀನಿ, ಇಲ್ದಿದ್ರೆ ಇಲ್ಲ."

ಒಳಗೆ ಯಾರೋ ನಕ್ಕರು. ಕಿಟಕಿಯಲ್ಲಿ ಒಬ್ಬ ಮೇಷ್ಟ್ರು ನಿಂತಿದ್ದ. ಬಾಯಿ ತುಂಬಿತ್ತು. ರಸ ಚೆಲ್ಲದಂತೆ ಗದ್ದ ಮೇಲೆತ್ತಿಕೊಂಡು, ಮಾತಾಡಲಾಗದೆ, ಒರೆಸು ಒರೆಸು ಎಂದು ಅಕ್ಕನಿಗೆ ಕೈಸನ್ನೆ ಮಾಡಿದ. ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಬಾಯಿ ಅದು. ಥೂ.

ಅಕ್ಕ ಬಟ್ಟೆ ಹಿಂಡಿಕೊಂಡು ಒರೆಸತೊಡಗಿದಳು. ಎರಡನೆಯ ಕಿಟಕಿಗೆ ಬಂದಿದ್ದಳು, ಆಗ ಒಳಗಿನಿಂದ ಪಿಚಕ್ಕನೆ ಬಂದದ್ದು ಅವಳ ಮುಂಗೈ ಮೇಲೆ ಬಿತ್ತು. ಬೇಕೆಂದೇ ಉಗುಳಿದ್ದರೋ, ಹೊರಗೆ ಒಬ್ಬ ಹೆಂಗಸು ನಿಂತಿದ್ದಾಳೆ ಎಂಬ ಖಬರೇ ಇರಲಿಲ್ಲವೋ... ಯಾವುದು ಹೆಚ್ಚು ಅಸಹ್ಯ ಎಂದು ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಈಗ ತೆಲುಗು ಶುರುವಾಗುತ್ತದೆ ಎಂದು ನಾನು ಕಾದೆ. ಅವಳು ಬೈಯಲಿಲ್ಲ. ಹೆಡ್ಮಾಸ್ಟರ ಮುಖ ನೋಡಿದಳು. ಅವರು ವಾಚು ನೋಡಿಕೊಂಡರು. ಅಕ್ಕ ನಲ್ಲಿಗೆ ಹೋಗಿ ಕೈ ತೊಳೆದು ಬಂದು ಉಳಿದದ್ದನ್ನು ಒರೆಸಿದಳು. ಬಿಲ್ಲೂ ಪಾಸಾಯಿತು, ಉಗುಳಿನ ರೇಟಿನ ಸಮೇತ. ಬಸ್ಸಿನಲ್ಲಿ ಚಳ್ಳಕೆರೆ ಮುಟ್ಟುವವರೆಗೆ ಆ ಕೈಯನ್ನು ಸೀರೆಗೆ ತಾಗಿಸದೆ ಮುಂದಿನ ಸೀಟಿನ ಕಂಬಿಯ ಮೇಲೆ ದೂರ ಇಟ್ಟುಕೊಂಡಿದ್ದಳು.

ಆರು ತಿಂಗಳಿಗೆ ಮತ್ತೆ ಕರೆ ಬಂತು. ಈ ಸಲ ಚಳ್ಳಕೆರೆಯ ಶಾಲೆಯೂ ಸೇರಿತ್ತು. ಅಕ್ಕ ಎಂದಿನಂತೆ ಸುತ್ತು ಬಂದಳು, ಕೆರೆದಳು, ಮೂಸಿದಳು. ಸ್ಟಾಫ್‌ರೂಮಿನ ಹಿಂದೆ ಮಾತ್ರ ನಿಲ್ಲದೆ ನಡೆದುಬಿಟ್ಟಳು. ಹೆಡ್ಮಾಸ್ಟರ ಮುಂದೆ ಇಡೀ ಶಾಲೆಗೆ ರೇಟು ಹೇಳಿ, ಸ್ಟಾಫ್‌ರೂಮಿನ ಕಿಟಕಿ ಬಿಟ್ಟು ಎಂದಳು.

ಅವರಿಗೆ ಅರ್ಥವಾಗಲಿಲ್ಲ. ಜಾಸ್ತಿ ದುಡ್ಡಿಗೆ ಆಡುತ್ತಿದ್ದಾಳೆ ಎಂದುಕೊಂಡು, ಇನ್ನಷ್ಟು ಸೇರಿಸಿಕೋ ಎಂದರು. ಅಕ್ಕ ಆಗಲ್ಲವೆಂದು ತಲೆಯಾಡಿಸಿದಳು. ತಪಾಸಣೆಗೆ ಬಂದ ದೊಡ್ಡವರು ಮೊದಲು ಕೂರುವುದೇ ಸ್ಟಾಫ್‌ರೂಮಿನಲ್ಲಿ, ಅದನ್ನು ಬಿಟ್ಟು ಉಳಿದದ್ದು ತೊಳೆಸಿ ಏನು ಮಾಡಲಿ ಎಂದು ಅವರು ಸಿಡುಕಿದರು. ಎಲ್ಲ ತೊಳೆದರೆ ಎರಡೂ ಶಾಲೆ, ಇಲ್ಲದಿದ್ದರೆ ಒಂದೂ ಇಲ್ಲ. ನಾನು ಅವಳನ್ನು ಕಾರಿಡಾರಿಗೆ ಕರೆದು, ಡಬಲ್ ಹಾಕು ಅಕ್ಕ, ಆ ಕಿಟಕಿಗಳನ್ನು ಬೇಕಾದರೆ ಬೇರೆಯವರಿಂದ ಒರೆಸಿಸೋಣ, ಕೆಲಸ ಬಿಡಬೇಡ, ನಿನ್ನ ಎದೆ ನೆನಪಿರಲಿ ಎಂದು ಹೇಳಿದೆ.

"ರೇಟ್ ಹಾಕಿದ್ದೇ ತಪ್ಪಾತು ತಮ್ಮ," ಎಂದಳು. "ದುಡ್ಡು ಕೊಡ್ತೀವಲ್ಲ, ಉಗುಳಿದ್ರೇನು ಅಂತಾರೆ. ಡಬಲ್ ಕೊಟ್ರೆ ಡಬಲ್ ಉಗುಳ್ತಾರೆ. ಬ್ಯಾರೇರ ಕೈ ಏನು ಕೈ ಅಲ್ಲೇನು?"

ಒಳಗೆ ಹೋಗಿ ಮೊದಲಿನ ಮಾತೇ ಹೇಳಿ ಬಂದಳು. ಬಿಟ್ಟು.

ಹೆಡ್ಮಾಸ್ಟರು ಆ ಗಾಜುಗಳಿಗೆ ಒಳಗೂ ಹೊರಗೂ ಹಸಿರು ಪೇಂಟ್ ಬಳಿಸಿದರು. ಒಳಗೆ ಕತ್ತಲಾದರೆ ಟ್ಯೂಬ್‌ಲೈಟು. ಉಳಿದ ಕಿಟಕಿಗಳನ್ನು ಶ್ರಮದಾನ ಎಂದು ಹೆಸರಿಟ್ಟು ಒಂಬತ್ತನೇ ತರಗತಿಯ ಹುಡುಗಿಯರಿಂದ ತೊಳೆಸಿದರು. ಫೀಸು ಕಟ್ಟಿದ ಅಪ್ಪಂದಿರೂ ಆ ಹೆಸರಿಗೆ ಸುಮ್ಮನಾದರು. ಕಿಟಕಿಯಿಂದ ಉಗುಳಬೇಡಿ ಎಂದು ಮೇಷ್ಟ್ರುಗಳಿಗೆ ಒಂದು ಮಾತು ಹೇಳಲು ಇಡೀ ಸಂಸ್ಥೆಯಲ್ಲಿ ಒಬ್ಬರಿಗೂ ನಾಲಿಗೆ ಏಳಲಿಲ್ಲ. ಅದಕ್ಕಿಂತ ಪೇಂಟು ಸುಲಭವಾಗಿತ್ತು.

ಸಣ್ಣಪುಟ್ಟ ಶಾಲೆಗಳಿಂದ ಅಕ್ಕನ ಹೊಟ್ಟೆ ತುಂಬಲಿಲ್ಲ. ಆ ವರ್ಷ ಶೇಂಗಾ ಸುಗ್ಗಿಗೆ ಮಿಲ್ಲಿಗೆ ವಾಪಸು ಹೋದಳು. ಸಂಜೆ ಮನೆಗೆ ಹೋಗುವಾಗ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಉಸಿರು ಸುಧಾರಿಸಿಕೊಳ್ಳುತ್ತಿದ್ದಳು. ತಲೆಯ ತುಂಬ ಹೊಟ್ಟು, ರೆಪ್ಪೆಯ ಮೇಲೂ ಹೊಟ್ಟು. ನೀರು ಕೊಟ್ಟರೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಅಣಕಿಸಿ, ಆಮೇಲೆ ಕುಡಿಯುತ್ತಿದ್ದಳು. ಎರಡು ಸುಗ್ಗಿ ತಡೆದಳು. ಮೂರನೆಯದಕ್ಕೆ ಕಟ್ಟೆ ಖಾಲಿಯಾಗಿತ್ತು...

ಕಳೆದ ತಿಂಗಳು ನಾನು ಟೇಪು ಹಿಡಿದು ಹೋಗಿದ್ದು ಅದೇ ಶಾಲೆಗೆ. ಈಗಿನ ಹೆಡ್ಮಾಸ್ಟರು ಹೊಸಬರು, ಮರ್ಯಾದೆಯ ಮನುಷ್ಯ, ಬಂದ ಕೂಡಲೇ ಕುರ್ಚಿ ಹಾಕಿಸಿದರು. ಶಾಲೆಗೆ ಐವತ್ತು ತುಂಬಿದೆ, ಎಲ್ಲ ಕಿಟಕಿ ತೊಳೆದು, ಒಡೆದದ್ದಕ್ಕೆ ಹೊಸ ಗಾಜು ಹಾಕಿ, ಹಿಂದಿನ ಹಸಿರು ಪೇಂಟು ಕೆರೆಸಿ ಕೊಡಬೇಕು, ಒಟ್ಟಿಗೆ ರೇಟು ಹೇಳಿ ಎಂದರು. ದೊಡ್ಡ ಕೆಲಸ. ಈ ವಯಸ್ಸಿಗೆ ನನಗೆ ಅಂಥದ್ದು ಎಲ್ಲಿ ಸಿಗುತ್ತದೆ? ಹಿಂಬದಿಗೆ ಹೋಗಿ ನೋಡಿದೆ. ಪೇಂಟು ಅಲ್ಲೇ ಇತ್ತು. ಅದರ ಮೇಲೆ ಹಳೆಯದು ಕಪ್ಪಗೆ, ಹೊಸದು ಕೆಂಪಗೆ. ಇಳಿದು ಇನ್ನೂ ಹೊಳೆಯುತ್ತಿತ್ತು.

ನಾನು ಬರೆದುಕೊಟ್ಟದ್ದನ್ನು ಹೆಡ್ಮಾಸ್ಟರು ಎರಡು ಸಲ ಓದಿದರು.

"ಸ್ಟಾಫ್‌ರೂಮ್ ಮರ್ತುಬಿಟ್ರಾ ಯಜಮಾನ್ರೇ?"

"ಮರ್ತಿಲ್ಲ ಸಾರ್. ಬಿಟ್ಟೀನಿ."

ಅವರು ಕಾರಣ ಕೇಳಲಿಲ್ಲ, ಕಿಟಕಿಯ ಕಡೆಗೂ ನೋಡಲಿಲ್ಲ. ಕಮಿಟಿಗೆ ಕೇಳಿ ಹೇಳ್ತೀವಿ ಎಂದರು. ಇನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ಹೊರಗೆ ಬರುವಾಗ ಅಂಗಳದ ನಲ್ಲಿಯಲ್ಲಿ ಕೈ ತೊಳೆದೆ. ನಾನು ಏನನ್ನೂ ಮುಟ್ಟಿರಲಿಲ್ಲ. ಅಕ್ಕ ಅವತ್ತು ಕೈ ತೊಳೆದದ್ದೂ ಇದೇ ನಲ್ಲಿಯಲ್ಲಿ, ತೊಳೆದು ಮತ್ತೆ ಆ ಕಿಟಕಿಗೇ ಹೋಗಿದ್ದಳು. ನಾನು ನೇರ ಬಸ್‌ಸ್ಟ್ಯಾಂಡಿಗೆ ಹೋದೆ.