ಏಳು ಒಂದುಗಳ ಶೇಷ

ಮಕ್ಕಳೇ, ನಿಮ್ಮ ಅಜ್ಜ ಯಲ್ಲಾಪುರದ ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದರು. ದಿಮ್ಮಿಯ ಮೇಲೆ ಬರೆದ ನಂಬರು ಕಂಡರೆ ಅದನ್ನು ಒಡೆಯದೆ ಬಿಡುತ್ತಿರಲಿಲ್ಲ. ಒಡೆಯುವುದೆಂದರೆ, ಅದು ಯಾವುದರಿಂದ ನಿಶ್ಶೇಷವಾಗಿ ಭಾಗವಾಗುತ್ತದೆಂದು ಹುಡುಕುವುದು. ಊಟಕ್ಕೆ ಕುಳಿತಾಗಲೂ ಅದೇ ಮಾತು. "ನಿಂಗಕ್ಕೆ ಬೇರೆ ಕೆಲ್ಸ ಇಲ್ಯ?" ಎಂದು ಗೊಣಗುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮಂಚದಲ್ಲಿ ಮಲಗಿಯೇ ಒಂದು ಸಂಖ್ಯೆ ಹಿಡಿದರು. ಸಾಲಾಗಿ ಏಳು ಒಂದುಗಳು, ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು. ಎರಡು ಒಂದುಗಳ ಹನ್ನೊಂದು ಒಡೆಯುವುದಿಲ್ಲ. ಮೂರರಿಂದ ಆರು ಒಂದುಗಳವರೆಗೆ ಎಲ್ಲ ಒಡೆಯುತ್ತವೆ. ಏಳರದ್ದು ಅವರಿಗೆ ಗೊತ್ತಿರಲಿಲ್ಲ.

"ಒಡೆದ್ರೂ ಅಡ್ಡಿಲ್ಲೆ, ಒಡೀದಿದ್ರೂ ಅಡ್ಡಿಲ್ಲೆ. ಹೋಪದ್ರೊಳಗೆ ಗೊತ್ತಾಗವು" ಎಂದರು. ಸಾಯುವುದರೊಳಗೆ ಗೊತ್ತಾಗಲೇಬೇಕಂತೆ.

ನನಗೆ ಏಳನೇ ಇಯತ್ತೆಯಲ್ಲಿ ಕಲಿತ ಭಾಗಾಕಾರ ಇನ್ನೂ ನೆನಪಿತ್ತು. ನಿಮ್ಮ ಅಮ್ಮನ ಹಳೆಯ ಪಾಟಿ ಹುಡುಕಿ ತಂದೆ. ತಾವೇ ಒಡೆಯದ ಸಂಖ್ಯೆಗಳಿಂದ ಮಾತ್ರ ಭಾಗಿಸಿದರೆ ಸಾಕಂತೆ, ಸಾವಿರದ ಐವತ್ತನಾಲ್ಕರೊಳಗೆ ಯಾವುದೂ ಸಿಗದಿದ್ದರೆ ಆಮೇಲೂ ಸಿಗುವುದಿಲ್ಲವಂತೆ. ಏಕೆಂದು ನನಗೆ ಪೂರ್ತಿ ತಿಳಿಯಲಿಲ್ಲ, ನಂಬಿದೆ.

ಮೊದಲ ದಿನ ಭಾಗಿಸಿಟ್ಟು ದೇವರ ಕೋಣೆಗೆ ಹೋಗಿದ್ದೆ. "ಶೇಷ ತಗಬಾರೇ" ಎಂದು ಕೂಗಿದರು. ದೇವರ ಮೇಲಿನ ದಾಸವಾಳ ತಂದು ಅವರ ಕಿವಿಗೆ ಸಿಕ್ಕಿಸಿದೆ. ಕೆಮ್ಮು ಬರುವಷ್ಟು ನಕ್ಕರು.

"ದೇವ್ರದ್ದಲ್ದೇ ಮಾರಾಯ್ತಿ, ಲೆಕ್ಕದ್ದು!"

ಪೂಜೆಯ ಹೂವಿಗೂ ಭಾಗಿಸಿ ಉಳಿದದ್ದಕ್ಕೂ ನಮ್ಮಲ್ಲಿ ಶೇಷವೆಂದೇ ಹೆಸರಲ್ಲವೇ. ಅಂದಿನಿಂದ ನಾನು ಹತ್ತಿರ ಹೋದರೆ ಸಾಕು, "ಯಾವ್ದು ತಂದೆ, ದೇವ್ರದ್ದಾ ಲೆಕ್ಕದ್ದಾ?" ಎನ್ನುವರು. ಮದುವೆಯಾದಾಗಿನಿಂದ ನಾವು ಅಷ್ಟು ಮಾತಾಡಿದ್ದೇ ಇಲ್ಲ.

ಇನ್ನೂರ ಇಪ್ಪತ್ತೊಂಬತ್ತಕ್ಕೆ ಬಂದ ಸಂಜೆ ಅವರ ಮುಖ ಬಾಡಿತ್ತು, ಆದರೂ ಕಣ್ಣು ಪಾಟಿಯ ಮೇಲೇ ಇತ್ತು.

"ಮೂರೇ ಉಳದ್ದು" ಎಂದೆ.

"ಮೂರೇಯಾ? ಕೂದಲೆಳೇಲಿ ತಪ್ಚು ನೋಡು!" ಇನ್ನೊಂದು ಮಾಡಲೇ ಎಂದು ಕೇಳಿದೆ. "ಸಾಕು, ನಾಳೆಗೂ ಇರ್ಲಿ ಒಂದು" ಎಂದರು.

ಮರುದಿನ ಬೆಳಗಿನ ಗಂಜಿ ಅವರ ಗಂಟಲಲ್ಲಿ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೋದರು.

ಸೂತಕ ಕಳೆದು ನೆಂಟರೆಲ್ಲ ಹೊರಟ ಮೇಲೆ ಪಾಟಿ ಕೈಗೆ ಸಿಕ್ಕಿತು. ಮೂರು ಹಾಗೇ ಇತ್ತು. ಅಳಿಸಲು ಮನಸ್ಸಾಗದೆ ಹಿಂಬದಿಗೆ ತಿರುಗಿಸಿ ಇನ್ನೂರ ಮೂವತ್ತಮೂರರಿಂದ ಭಾಗಿಸಿದೆ. ನೂರ ಅರವತ್ತೇಳು ಉಳಿಯಿತು. ಅದರ ಮುಂದಿನದು ಇನ್ನೂರ ಮೂವತ್ತೊಂಬತ್ತು. ಕೊನೆಗೆ ಎರಡು ಸಾವಿರದ ನೂರ ಐವತ್ತೊಂದರಲ್ಲಿ ಅಷ್ಟನ್ನೇ ಕಳೆಯಬೇಕಾಗಿ ಬಂತು, ಏನೂ ಉಳಿಯಲಿಲ್ಲ. ತಪ್ಪಿರಬೇಕೆಂದು ಮತ್ತೆ ಮಾಡಿದೆ, ಗುಣಿಸಿಯೂ ನೋಡಿದೆ. ಇನ್ನೂರ ಮೂವತ್ತೊಂಬತ್ತನ್ನು ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತರಿಂದ ಗುಣಿಸಿದರೆ ಅದೇ ಏಳು ಒಂದುಗಳು. ಎರಡು ಲೆಕ್ಕದಷ್ಟು ದೂರದಲ್ಲಿ ಇತ್ತು, ಅವರು ಕೇಳಿದ್ದು.

ಮಂಚದ ಕಡೆ ತಿರುಗಿ "ಶೇಷ ಇಲ್ಲೆ" ಎಂದೆ.

ಯಾವುದು, ದೇವರದ್ದಾ ಲೆಕ್ಕದ್ದಾ ಎಂದು ಯಾರೂ ಕೇಳಲಿಲ್ಲ.