ರಾಜನ ಪಾರ್ಟು ಮಾಡಿದ ಅಕ್ಕ

ಮೊನ್ನೆ ಮೊಮ್ಮಗಳ ಸ್ಕೂಲ್ ಡೇಗೆ ಹೋಗಿದ್ದೆ. ಮೇಕಪ್ಪಿನವನು ಪುಟ್ಟ ಸೀಸೆಯೊಂದರ ಮುಚ್ಚಳ ತೆಗೆದು, ಮಂತ್ರಿ ವೇಷದ ಪುಟಾಣಿಯೊಬ್ಬನ ಮೂಗಿನ ಕೆಳಗೆ ಅಂಟು ಹಚ್ಚಿದ. ಸ್ಪಿರಿಟ್ ಗಮ್ಮಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಆಂಧ್ರದ ಗಡಿಯ ಹಿಂದೂಪುರದ ಕಾಲೇಜಿನಲ್ಲಿದ್ದೆ. ಸ್ಟೇಜಿನ ಪಕ್ಕದ ಇಕ್ಕಟ್ಟಾದ ಕೋಣೆ, ಕೈಗನ್ನಡಿ ಹಿಡಿದುಕೊಂಡು ಮೀಸೆ ಅಂಟಿಸಿಕೊಳ್ಳುತ್ತಿರುವ ಅಕ್ಕ...

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಎಂಬತ್ತರ ದಶಕದಲ್ಲಿ ಹಾಸ್ಟೆಲಿನಲ್ಲಿ ನನ್ನ ರೂಮಿನಲ್ಲಿದ್ದ ಸೀನಿಯರ್. ಕಲ್ಯಾಣದುರ್ಗದ ಹತ್ತಿರದ ಹಳ್ಳಿಯವಳು, ಕಡ್ಲೆಕಾಯಿ ಹೊಲದಲ್ಲಿ ಕಾಗೆ, ಹಂದಿ ಓಡಿಸುತ್ತಾ ಬೆಳೆದ ಗಂಟಲು. ನಾನು ಚಿಲಮತ್ತೂರು ಕಡೆಯ ನೇಕಾರರ ಮನೆಯವಳು. ಮಗ್ಗದ ಸದ್ದು ಮೀರಿ ಮಾತಾಡುವುದು ನಮಗೆ ಹುಟ್ಟಿನಿಂದಲೇ ಅಭ್ಯಾಸ. ಆದರೂ ಅಕ್ಕನ ಮುಂದೆ ನನ್ನದು ಪಿಸುಮಾತು.

ಕಾಲೇಜಿನಲ್ಲಿ ಪ್ರತಿವರ್ಷ ಸಂಗೀತ ನಾಟಕ ಆಡಿಸುತ್ತಿದ್ದರು. ಒಳ್ಳೆಯ ಮಾರ್ಕ್ಸ್ ತೆಗೆದು ಮುಖ್ಯ ಪಾತ್ರವನ್ನೂ ಹಾಡಿ ಗೆದ್ದವರಿಗೆ ಹಳೆಯ ವಿದ್ಯಾರ್ಥಿಗಳು ಸೇರಿ ಮೆರಿಟ್ ಸ್ಕಾಲರ್‌ಶಿಪ್ ಕೊಡುತ್ತಿದ್ದರು. ಫೀಜು, ಹಾಸ್ಟೆಲು ಎಲ್ಲ ಅದರಲ್ಲೇ ಆಗುತ್ತಿತ್ತು. ಅಕ್ಕನಿಗೆ ಮಾರ್ಕ್ಸಿಗೆ ಕೊರತೆಯಿರಲಿಲ್ಲ. ಆದರೆ ಬಿ.ಎ. ಕೊನೆಯ ವರ್ಷಕ್ಕೆ ಮನೆಯಿಂದ ದುಡ್ಡು ಕಳಿಸೋಕ್ಕಾಗಲ್ಲ ಅಂತ ಅವರಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಆ ವರ್ಷದ ನಾಟಕ ಪೆನುಕೊಂಡದ ಕೋಟೆಯ ಒಬ್ಬ ರಾಜನ ಕಥೆ, ನಮ್ಮ ತೆಲುಗು ಲೆಕ್ಚರರ್ ಬರೆದದ್ದು. ಪದ್ಯ ತೆಲುಗಿನಲ್ಲಿ, ಮಾತು ನಮ್ಮೂರಿನ ಹಾಗೆ ತೆಲುಗು, ಕನ್ನಡ ಎರಡೂ ಕಲೆತು. ಪಾತ್ರ ಹಂಚುವ ದಿನ ಒಬ್ಬೊಬ್ಬರೇ ಪದ್ಯ ಹಾಡಿದೆವು. ಹುಡುಗರೆಲ್ಲ ಮೇಲಿನ ಸ್ವರಕ್ಕೆ ಹೋಗಿ ಕೆಮ್ಮಿ ವಾಪಸ್ ಬಂದರು. ಅಕ್ಕ ಹಾಡಿ ಕೊನೆಯ ರಾಗ ಎಳೆದಳು ನೋಡಿ, ಹಾರ್ಮೋನಿಯಂ ಮೇಷ್ಟ್ರು ತಿದಿ ಒತ್ತುವುದನ್ನೇ ಮರೆತು ಬಾಯಿ ತೆರೆದು ಕೂತರು.

"ರಾಣಿ ಪಾತ್ರ ನಿನ್ನದೇ ಕಣಮ್ಮ," ಅಂದರು ಲೆಕ್ಚರರ್.

"ರಾಣಿಗೆ ಇರೋದೇ ಒಂದು ಹಾಡು ಸಾರ್, ಅದೂ ಅಳೋ ಹಾಡು. ನಂಗೆ ರಾಜನ ಪಾರ್ಟೇ ಬೇಕು," ಅಂದಳು ಅಕ್ಕ.

ಕೋಣೆಯಲ್ಲಿ ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಕೊಡ್ರಿ ಸಾರ್, ಅವಳಿಗೇ ಕೊಡ್ರಿ," ಅಂದರು. ಚಾಮರ ಬೀಸುವ ದಾಸಿಯ ಪಾತ್ರ ನನಗೆ ಬಂತು. ಬಾಯಿ ಬಿಡುವಂತಿಲ್ಲ.

ತೊಡಕಿದ್ದದ್ದು ಅವರಪ್ಪನದು. ಮಗಳು ಹಾಡಬಹುದು, ಆದರೆ ಜನರ ಎದುರಿಗೆ ವೇಷ ಹಾಕಬಾರದು, ತೆರೆಯ ಹಿಂದೆಯೇ ಹಾಡಬೇಕು ಅಂತ ಹೇಳಿಕಳಿಸಿದ್ದರು. ಅಕ್ಕ "ಹೂಂ" ಅಂದುಬಿಟ್ಟಿದ್ದಳು. ಆಮೇಲೆ ನನ್ನ ಹತ್ತಿರ, "ಅವರು ಅಲ್ಲಿಂದ ಬಸ್ಸು ಹತ್ತಿ ಇಲ್ಲಿಗಂಟ ಎಲ್ಲಿ ಬತ್ತಾರೆ ಬಿಡೇ," ಅಂದಿದ್ದಳು.

ಬಂದರು! ಸಂಜೆ ನಾಟಕ ಶುರುವಾಗುವ ಹೊತ್ತಿಗೆ ಹೆಗಲ ಮೇಲೆ ಟವಲು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದರು. ತೆರೆಯ ಸಂದಿಯಿಂದ ನೋಡಿದ ಅಕ್ಕ ನನ್ನ ಕೈ ಹಿಡಿದುಕೊಂಡಳು. "ಅಪ್ಪ ಎದ್ದು ಕರ್ಕೊಂಡೋಗ್ಬುಟ್ರೆ ಓದೂ ಹೋಯ್ತು, ಎಲ್ಲಾ ಹೋಯ್ತು ಕಣೇ," ಅಂದವಳು, ಕಿರೀಟ ಸರಿಮಾಡಿಕೊಂಡು ಸ್ಟೇಜಿಗೆ ನಡೆದೇ ಬಿಟ್ಟಳು.

ಮೊದಲ ಪದ್ಯಕ್ಕೇ ಜನ ಮಾತು ನಿಲ್ಲಿಸಿದರು. ಎರಡನೆಯದಕ್ಕೆ ಅವರಪ್ಪ ಕುರ್ಚಿಯ ತುದಿಗೆ ಬಂದರು. ಕೋಟೆಯ ಬಾಗಿಲಲ್ಲಿ ಹಾಡುವ ದೊಡ್ಡ ಪದ್ಯ ಮುಗಿದದ್ದೇ, ಎದ್ದು ನಿಂತು ಟವಲು ಬೀಸಿದರು. "ಎವುರಪ್ಪಾ ಈ ಪಿಲ್ಲೋಡು? ಯಾರ ಮನೆ ಹುಡುಗನೋ, ಭಲೇ! ಒನ್ಸ್ ಮೋರ್!"

ಚಾಮರ ಹಿಡಿದಿದ್ದ ನನಗೆ ನಗು ತಡೆಯಲಾಗಲಿಲ್ಲ. ರಾಜ ಮತ್ತೆ ಪದ್ಯ ಎತ್ತಿಕೊಂಡ. ರಾಗ ಏರಿತು, ಬೆವರು ಇಳಿಯಿತು, ಮೀಸೆಯ ಒಂದು ಕಡೆ ಜಾರಿ ಗಲ್ಲದ ಮೇಲೆ ನೇತಾಡಿತು. ಅಕ್ಕ ರಾಗ ಬಿಡಲಿಲ್ಲ. ಮೀಸೆಯನ್ನು ಕಿತ್ತು ಸೊಂಟದ ಪಟ್ಟಿಗೆ ಸಿಕ್ಕಿಸಿ, ಅವರಪ್ಪನನ್ನೇ ನೋಡುತ್ತಾ ಪದ್ಯ ಮುಗಿಸಿದಳು.

ಅವರ ಟವಲು ಗಾಳಿಯಲ್ಲೇ ನಿಂತಿತ್ತು. ಆ ಮನುಷ್ಯ ಆ ಕಡೆ ನೋಡಿದರು, ಈ ಕಡೆ ನೋಡಿದರು, ಆಮೇಲೆ ಇಡೀ ಕಾಲೇಜಿಗೆ ಕೇಳುವಂತೆ ಕೂಗಿದರು: "ನನ್ ಮಗಳು ಕಣ್ರಪ್ಪಾ! ಇನ್ನೊಂದ್ಸಲ ಆಗ್ಲಿ, ಒನ್ಸ್ ಮೋರ್!"

ಆ ಗಂಟಲು ಯಾರಿಂದ ಬಂದದ್ದು ಅಂತ ಆಗ ಗೊತ್ತಾಯಿತು.

ನಾಟಕ ಮುಗಿದ ಮೇಲೆ ಒಳಗೆ ಬಂದರು. ಅಕ್ಕ ತಲೆ ತಗ್ಗಿಸಿ ನಿಂತಳು. ಅವರು ಮಗಳ ಬಣ್ಣದ ಮುಖ ನೋಡಿ, "ಮೀಸೆ ವಸಿ ಗಟ್ಟಿಯಾಗಿ ಅಂಟಿಸ್ಕಾಬಾರ್ದೇನಮ್ಮಾ?" ಅಂದರು. ಅಷ್ಟೇ. ಸ್ಕಾಲರ್‌ಶಿಪ್ ಅಕ್ಕನಿಗೇ ಬಂತು. ಆ ದಿನ ಹಾಸ್ಟೆಲಿನಲ್ಲಿ ನಾವು ಕುಣಿದ ಕುಣಿತಕ್ಕೆ ವಾರ್ಡನ್ ಕೂಡ ಬೈಯಲಿಲ್ಲ.

ಅಕ್ಕ ಓದು ಮುಗಿಸಿ ಕಲ್ಯಾಣದುರ್ಗದಲ್ಲೇ ಟೀಚರಾದಳು. ಮದುವೆಗಳಲ್ಲಿ ಸಿಕ್ಕುತ್ತಿದ್ದೆವು, ಆಮೇಲೆ ಫೋನು, ಆಮೇಲೆ ಅದೂ ಅಪರೂಪ... ಹೋದ ವರ್ಷ ಅವಳ ತಮ್ಮ ಫೋನ್ ಮಾಡಿದಾಗ ಅಕ್ಕ ತೀರಿಕೊಂಡು ಹದಿನೈದು ದಿನವಾಗಿತ್ತು.

ಮೊನ್ನೆ ಸ್ಕೂಲಿನಿಂದ ಬರುತ್ತಾ ಮೊಮ್ಮಗಳಿಗೆ ಆ ದೊಡ್ಡ ಪದ್ಯ ಹಾಡಿ ತೋರಿಸಲು ಹೊರಟೆ. ಮೊದಲ ಸಾಲು ಸರಾಗವಾಗಿ ಬಂತು. ಎರಡನೆಯದು ನೆನಪಾಗಲಿಲ್ಲ. ಆ ನಾಟಕ ಎಲ್ಲೂ ಅಚ್ಚಾಗಲಿಲ್ಲ, ಬರೆದವರೂ ಇಲ್ಲ. ಅಕ್ಕನನ್ನೇ ಕೇಳೋಣ ಅಂತ ಬ್ಯಾಗಿನಿಂದ ಫೋನು ತೆಗೆದೆ. ತೆಗೆದ ಮೇಲೆ ಹೊಳೆಯಿತು.

"ಆಮೇಲೆ ಏನಜ್ಜೀ?" ಅಂದಳು ಮೊಮ್ಮಗಳು.

ಮೊದಲ ಸಾಲನ್ನೇ ಇನ್ನಷ್ಟು ಎಳೆದು ಹಾಡಿದೆ.